ಮಣ್ಣಿನ ಸಾಕ್ಷ್ಯ: ಬೂದಿದಿಬ್ಬ, ಮಡಕೆಯ ಬೋಕಿ ಮತ್ತು ಸೂಕ್ಷ್ಮದರ್ಶಕ

ಒಂದು ನಾಡಿನ ಇತಿಹಾಸವನ್ನು ಬರೆಯಹೊರಟವನು ಮೊದಲು ಶಿಲಾಲೇಖಗಳನ್ನು ಹುಡುಕುವನು. ತರುವಾಯ ತಾಮ್ರಪಟಗಳನ್ನೂ ಓಲೆಯ ಕಟ್ಟುಗಳನ್ನೂ ಅರಸುವನು. ಇದು ಸಹಜವಾದದ್ದೇ. ಬರೆದ ಅಕ್ಷರವು ತಾನಾಗಿ ಮಾತನಾಡುವದು. ಓದಬಲ್ಲವನು ಅದನ್ನು ಕೇಳುವನು. ಆದರೆ ಶಾಸನವು ಯಾರ ಮಾತನ್ನು ಆಡುತ್ತದೆಂಬದನ್ನು ವಿಚಾರಿಸಿ ನೋಡಿದರೆ, ಭೂಮಿಯನ್ನು ದತ್ತಿ ಕೊಟ್ಟ ಅರಸನ, ಅದನ್ನು ಪಡೆದ ಆಚಾರ್ಯನ, ಸಾಕ್ಷಿಯಾಗಿ ನಿಂತ ಗಾವುಂಡನ ಮಾತು ಮಾತ್ರ ಅದರಲ್ಲಿ ಕೇಳಿಬರುತ್ತದೆ. ಆ ಭೂಮಿಯನ್ನು ಉತ್ತವನ, ಆ ಗುಡಿಯ ಅಡಿಗೆಮನೆಗೆ ಗಡಿಗೆ ಕೊಟ್ಟವನ, ದನದ ದೊಡ್ಡಿಯನ್ನು ಕಸಗೂಡಿಸಿದವಳ ಮಾತು ಯಾವ ಕಲ್ಲಿನಲ್ಲಿಯೂ ಕೊರೆಯಲ್ಪಟ್ಟಿಲ್ಲ. ಅವರ ಲೇಖವು ಇರುವದು ಮಣ್ಣಿನಲ್ಲಿ. ಅದನ್ನು ಓದುವ ವಿದ್ಯೆಯು ಒಂದಿದೆ. ಅದರ ಪರಿಚಯವನ್ನು ನಮ್ಮ ಸೀಮೆಯ ವಾಚಕರಿಗೆ ಮಾಡಿಕೊಡುವದೇ ಶ್ರೀಮಠದ ಮಹೋತ್ಸವದ ಈ ಸಂಸ್ಮರಣಗ್ರಂಥದಲ್ಲಿ ಈ ಲೇಖನದ ಉದ್ದೇಶವು.

ಮೊರಬದ ಜನರಿಗೆ ಮಣ್ಣಿನ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ನವಲಗುಂದದ ಎರೆಭೂಮಿಯಲ್ಲಿ ಹುಟ್ಟಿ ಬೆಳೆದ ಒಕ್ಕಲಿಗನು ಎರೆ ಯಾವುದು, ಮಸಾರಿ ಯಾವುದು, ಸವಳು ಯಾವುದು ಎಂಬದನ್ನು ಕಾಲಿನಿಂದ ತುಳಿದೇ ಹೇಳಬಲ್ಲನು. ಮಾಳಿಗೆಯ ಮೇಲೆ ಯಾವ ಮಣ್ಣು ಹಾಕಿದರೆ ಮಳೆಯ ನೀರು ಒಳಗಿಳಿಯದು, ಗೋಡೆಗೆ ಯಾವ ಮಣ್ಣು ಬೇಕು, ನೆಲ ಸಾರಿಸುವಾಗ ಸಗಣಿಯಲ್ಲಿ ಎಷ್ಟು ಮಣ್ಣು ಕೂಡಿಸಬೇಕು ಎಂಬ ತಿಳಿವಳಿಕೆಯು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವದು. ಹಳೆಯ ಊರು ಹಾಳಾದ ಸ್ಥಳದ ಬೂದುಬಣ್ಣದ ಹಾಳುಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂಬದೂ ಎಲ್ಲರಿಗೂ ಗೊತ್ತು. ಅಂಥ ಮಣ್ಣನ್ನು ಬಂಡಿಗೆ ತುಂಬುವಾಗ ಸಲಿಕೆಗೆ ಹತ್ತುವ ಬೋಕಿಗಳನ್ನು ಬದಿಗೆ ಒಗೆಯುವದೂ ವಾಡಿಕೆಯೇ. ಆ ಬೋಕಿಯೂ ಆ ಬೂದುಮಣ್ಣೂ ಇತಿಹಾಸದ ಪುಟಗಳೆಂದು ಹೇಳಿದರೆ ನಗುವವರು ಇರಬಹುದು. ಅವರು ಸ್ವಲ್ಪ ತಾಳ್ಮೆಯಿಂದ ಮುಂದಿನ ಸಂಗತಿಗಳನ್ನು ಓದಬೇಕೆಂದು ಪ್ರಾರ್ಥನೆ.

ಮೊದಲು ಪರೀಕ್ಷೆಯ ಕ್ರಮವನ್ನು ತಿಳಿದುಕೊಳ್ಳೋಣ. ಬೋಕಿಯ ಮೇಲ್ಮೈಯನ್ನು ಕಣ್ಣಿನಿಂದ ನೋಡಿದರೆ ಬಣ್ಣ, ಹೊಳಪು, ಗೆರೆಗಳು ಕಾಣುವವು. ಮಣ್ಣಿನ ಒಳಗುಟ್ಟು ಕಾಣದು. ಅದಕ್ಕಾಗಿ ಬೋಕಿಯ ಒಂದು ಚೂರನ್ನು ಗಟ್ಟಿಯಾಗುವ ಅಂಟಿನಲ್ಲಿ ನೆನೆಯಿಸಿ, ಒಂದು ಮುಖವನ್ನು ನುಣ್ಣಗೆ ತಿಕ್ಕಿ, ಗಾಜಿನ ಪಟ್ಟಿಗೆ ಅಂಟಿಸಿ, ಉಳಿದ ಭಾಗವನ್ನು ಕೊಯ್ದು, ಪುನಃ ತಿಕ್ಕುತ್ತ ತಿಕ್ಕುತ್ತ 0.03 ಮಿಲಿಮೀಟರಿನಷ್ಟು ತೆಳ್ಳಗೆ ಮಾಡುತ್ತಾರೆ. ಇಷ್ಟು ತೆಳುವಾದ ಮಣ್ಣಿನೊಳಗಿನ ಖನಿಜದ ಕಣಗಳಲ್ಲಿ ಬೆಳಕು ಹಾಯ್ದುಹೋಗುವದು. ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡಿದ ಬೆಳಕನ್ನು ಅದರ ಮೂಲಕ ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೆಣಚುಕಲ್ಲಿನ ಕಣ, ಅಭ್ರಕದ ಎಸಳು, ಸುಣ್ಣದ ಹರಳು ಇವು ತಮ್ಮ ತಮ್ಮ ಬಣ್ಣಗಳಿಂದ ಬೇರೆ ಬೇರೆಯಾಗಿ ಗುರುತಿಗೆ ಬರುವವು. ಕಲ್ಲುಗಳನ್ನು ಈ ಪ್ರಕಾರ ಪರೀಕ್ಷಿಸುವ ಮಾರ್ಗವನ್ನು ಇಂಗ್ಲಂಡದ ಹೆನ್ರಿ ಕ್ಲಿಫ್ಟನ್ ಸೋರ್ಬಿ ಎಂಬ ವಿದ್ವಾಂಸನು 1850ರ ಸುಮಾರಿಗೆ ರೂಢಿಗೆ ತಂದನು. ಕದಡದ ಮಣ್ಣಿನ ಹೆಂಟೆಯನ್ನೇ ಹೀಗೆ ನೋಡಬಹುದೆಂಬದನ್ನು ಆಸ್ಟ್ರಿಯಾ ದೇಶದ ವಾಲ್ಟರ್ ಕುಬಿಯೆನಾ 1938ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಿಂದ ತೋರಿಸಿಕೊಟ್ಟನು. ಅಮೇರಿಕೆಯ ಅನ್ನಾ ಶೆಪರ್ಡ್ ಎಂಬ ವಿದುಷಿಯು ಅದೇ ಕಾಲದಲ್ಲಿ ಆ ದೇಶದ ಮೂಲನಿವಾಸಿಗಳ ಹಳೆಯ ಮಡಕೆಗಳನ್ನು ಪರೀಕ್ಷಿಸಿದಳು. ಪ್ರತಿಯೊಂದು ಊರಿನವರೂ ತಮ್ಮ ಮಡಕೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರೆಂಬ ಆಗಿನ ನಂಬಿಕೆಯು ತಪ್ಪೆಂದೂ, ಮಡಕೆಗಳು ಊರಿಂದೂರಿಗೆ ವ್ಯಾಪಾರವಾಗಿ ಹೋಗುತ್ತಿದ್ದವೆಂದೂ ಆಕೆಯು ಮಣ್ಣಿನ ಕಣಗಳಿಂದಲೇ ಸಿದ್ಧಮಾಡಿದಳು.

ಈ ತೆಳುಪದರಿನಲ್ಲಿ ಏನೇನು ಓದಲು ಬರುತ್ತದೆ? ಕುಂಬಾರನು ಜೇಡಿಮಣ್ಣಿನಲ್ಲಿ ಮರಳನ್ನು ಕೂಡಿಸಿದನೋ, ಹೊಟ್ಟನ್ನು ಕೂಡಿಸಿದನೋ, ಹಳೆಯ ಮಡಕೆಯನ್ನು ಕುಟ್ಟಿ ಪುಡಿಮಾಡಿ ಹಾಕಿದನೋ ಎಂಬದು ತಿಳಿಯುವದು. ಹೊಟ್ಟು ಸುಟ್ಟುಹೋದರೂ ಅದು ಇದ್ದ ಸ್ಥಳವು ಅದೇ ಆಕಾರದ ತೂತಾಗಿ ಉಳಿಯುತ್ತದೆ. ತಿಗರಿಯ ಮೇಲೆ ತಿರುಗಿಸಿ ಎತ್ತಿದ ಮಡಕೆಯಲ್ಲಿ ಕಣಗಳೂ ತೂತುಗಳೂ ಒಂದು ವಾಲಿನಲ್ಲಿ ನಿಂತಿರುವವು. ಕೈಯಿಂದ ತಟ್ಟಿದುದರಲ್ಲಿ ಹಾಗಿರುವದಿಲ್ಲ. ಶಾಖವು ಸುಮಾರು 800 ಡಿಗ್ರಿಯನ್ನು ಮೀರಿದರೆ ಸುಣ್ಣದ ಹರಳುಗಳು ಒಡೆದು ಕೆಡುವವು, ಜೇಡಿಮಣ್ಣು ಬೆಳಕಿಗೆ ಕೊಡುವ ಉತ್ತರವೂ ಬದಲಾಗುವದು; ಇದರಿಂದ ಆವಿಗೆಯ ಉರಿಯು ಎಷ್ಟಿತ್ತೆಂಬ ಅಂದಾಜು ಸಿಕ್ಕುವದು. ಬೋಕಿಯಲ್ಲಿರುವ ಕಲ್ಲಿನ ಜಾತಿಯು ಊರ ಸುತ್ತಿನ ಭೂಮಿಯಲ್ಲಿ ಇಲ್ಲದಿದ್ದರೆ ಆ ಮಡಕೆಯು ಹೊರಗಿನಿಂದ ಬಂದುದೆಂಬದು ನಿಶ್ಚಯವಾಗುವದು. ಮನೆಯ ನೆಲದ ಮಣ್ಣನ್ನು ನೋಡಿದರೆ ಒಂದರ ಮೇಲೊಂದು ಸಾರಿಸಿದ ಪದರುಗಳು ಎಳೆಎಳೆಯಾಗಿ ತೋರುವವು. ಮೇಯುವ ಪ್ರಾಣಿಗಳ ಕರುಳಿನಲ್ಲಿ ಹುಟ್ಟುವ ಸುಣ್ಣಾಂಶದ ಅತಿಸೂಕ್ಷ್ಮವಾದ ಗೋಲಗಳು ಸಗಣಿಯಲ್ಲಿ ಉಳಿಯುವವು. ಹುಲ್ಲು, ಜೋಳ, ನವಣೆ ಮೊದಲಾದ ಗಿಡಗಳ ಮೈಯಲ್ಲಿ ಹುಟ್ಟುವ ಗಾಜಿನಂಥ ಕಣಗಳು ಗಿಡವು ಸುಟ್ಟರೂ ಕೊಳೆತರೂ ನಾಶವಾಗದೆ ಉಳಿಯುವವು. ಈ ಎರಡು ಸಂಗತಿಗಳನ್ನು ವಾಚಕರು ವಿಶೇಷವಾಗಿ ನೆನಪಿನಲ್ಲಿಡಬೇಕು. ಮುಂದಿನ ಕಥೆಯು ಇವುಗಳನ್ನೇ ಅವಲಂಬಿಸಿದೆ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರಿದೆ. ಅದರ ಹತ್ತಿರ ದಾರಿಯ ಬದಿಯಲ್ಲಿಯೇ ಬೂದಿಯ ದೊಡ್ಡದೊಂದು ದಿಬ್ಬವಿರುವದು. ಇಂಥ ದಿಬ್ಬಗಳು ಕಪ್ಪಗಲ್ಲು, ಸಂಗನಕಲ್ಲುಗಳ ಪ್ರದೇಶದಲ್ಲಿಯೂ ರಾಯಚೂರು, ಯಾದಗಿರಿ ಸೀಮೆಗಳಲ್ಲಿಯೂ ನೆರೆಯ ತೆಲುಗು ನಾಡಿನಲ್ಲಿಯೂ ಕೂಡಿ ನೂರಕ್ಕೂ ಹೆಚ್ಚು ಗೊತ್ತಾಗಿವೆ. ಕೆಲವು ಕಡೆ ಬೂದಿಯು ಮೆತ್ತಗಿರುವದು. ಕೆಲವು ಕಡೆ ಕರಗಿ ಹೆಪ್ಪುಗಟ್ಟಿ ಗಾಜಿನಂತೆ, ಕಬ್ಬಿಣದ ಕಿಟ್ಟದಂತೆ ಗಟ್ಟಿಯಾಗಿರುವದು. ಇಷ್ಟೊಂದು ಬೂದಿಯು ಎಲ್ಲಿಂದ ಬಂದಿತು? ಭೀಮಸೇನನ ಕೈಯಲ್ಲಿ ಮಡಿದ ಹಿಡಿಂಬಾಸುರನನ್ನು ಸುಟ್ಟ ಸ್ಥಳವಿದೆಂದು ಜನರು ಹೇಳುತ್ತ ಬಂದರು. ಪೂರ್ವಕಾಲದ ಋಷಿಗಳ ಮಹಾಯಜ್ಞದ ಬೂದಿಯೆಂದು ಕೆಲವರು ನಂಬಿದರು. ಪಾಶ್ಚಾತ್ಯ ಅಧಿಕಾರಿಗಳು ಇದನ್ನು ನೋಡಿದಾಗ ಅವರಲ್ಲಿಯೂ ಒಮ್ಮತವಾಗಲಿಲ್ಲ. ಜ್ವಾಲಾಮುಖಿಯ ಉತ್ಪತ್ತಿಯೆಂದು ಒಬ್ಬರು, ಲೋಹ ಕರಗಿಸಿದ ಕಿಟ್ಟವೆಂದು ಒಬ್ಬರು, ಯುದ್ಧದಲ್ಲಿ ಮಡಿದವರ ಸಾಮೂಹಿಕ ದಹನವೆಂದು ಒಬ್ಬರು ತರ್ಕಿಸಿದರು.

ಭೂಗರ್ಭಶಾಖೆಯ ಅಧಿಕಾರಿಯಾಗಿದ್ದ ರಾಬರ್ಟ್ ಬ್ರೂಸ್ ಫೂಟನು ದಕ್ಷಿಣದೇಶವನ್ನೆಲ್ಲ ಸುತ್ತಿದವನು. ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ 1863ರಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿ ಭರತಖಂಡದ ಪ್ರಾಗಿತಿಹಾಸಕ್ಕೆ ತಳಹದಿಯನ್ನು ಹಾಕಿದವನೂ ಈತನೇ. ಬೂದಿದಿಬ್ಬಗಳ ಸುತ್ತಮುತ್ತ ನುಣುಪಾದ ಕಲ್ಲುಕೊಡಲಿಗಳೂ ಕೈಯಿಂದ ಮಾಡಿದ ಬೋಕಿಗಳೂ ಸಿಕ್ಕುವದನ್ನು ಕಂಡು, ಇವು ನವಶಿಲಾಯುಗದ ಗೋಪಾಲಕರ ದೊಡ್ಡಿಗಳು, ಬೂದಿಯು ಸಗಣಿಯದು ಎಂದು ಆತನು ಅಭಿಪ್ರಾಯಪಟ್ಟನು. ಆದರೆ ಅಭಿಪ್ರಾಯವು ಎಷ್ಟೇ ಸರಿಯಾಗಿದ್ದರೂ ಪ್ರಮಾಣವಿಲ್ಲದೆ ಸಿದ್ಧಾಂತವಾಗದು. ಆತನ ತರುವಾಯವೂ ಅನೇಕ ವರ್ಷಗಳ ವರೆಗೆ ವಾದವು ನಡೆದೇ ಇತ್ತು.

1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಸಂಶೋಧಕನು ಇಂದು ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು ಅಗೆದನು. ಅಲ್ಲಿ ಗೂಟಗಳನ್ನು ಸಾಲಾಗಿ ನೆಟ್ಟ ಕುಳಿಗಳು ಸಿಕ್ಕವು. ಅಂದರೆ ಬೇಲಿಯಿದ್ದ ದೊಡ್ಡಿಯ ರೇಖೆಯೇ ಸಿಕ್ಕಿತು. ಅದಕ್ಕಿಂತಲೂ ಆಶ್ಚರ್ಯಕರವಾದದ್ದೆಂದರೆ, ಬೂದಿಯ ಪದರುಗಳ ನಡುವೆ ದನಗಳ ಗೊರಸಿನ ಗುರುತುಗಳು ಮೂಡಿ ಹಾಗೆಯೇ ಉಳಿದಿದ್ದವು. ಇತ್ತ ಲಂಡನ್ನಿನ ಪುರಾತತ್ವ ಸಂಸ್ಥೆಯ ಫ್ರೆಡರಿಕ್ ಸೊಯ್ನರ್ ಎಂಬ ಪಂಡಿತನು ಬಳ್ಳಾರಿಯ ದಿಬ್ಬಗಳ ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ 1960ರಲ್ಲಿ ಫಲವನ್ನು ಪ್ರಕಟಿಸಿದನು. ಸೂಕ್ಷ್ಮದರ್ಶಕದ ಕೆಳಗೆ ಆ ಬೂದಿಯಲ್ಲಿ ಹುಲ್ಲಿನ ಗಾಜುಕಣಗಳು ಕಾಣಿಸಿಕೊಂಡವು. ಆತನು ಸಗಣಿಯನ್ನು ಸುಟ್ಟು, ಉಗ್ರವಾದ ಶಾಖದಲ್ಲಿ ಅದರ ಬೂದಿಯೇ ಕರಗಿ ಗಾಜಿನಂಥ ಕಿಟ್ಟವಾಗುವದನ್ನು ಪ್ರತ್ಯಕ್ಷವಾಗಿ ಕಂಡನು.

ಇಲ್ಲಿ ತರ್ಕದ ಹಾದಿಯನ್ನು ಸ್ವಲ್ಪ ನಿಂತು ನೋಡುವದು ಒಳ್ಳೆಯದು. ಜ್ವಾಲಾಮುಖಿಯ ಬೂದಿಯಾಗಿದ್ದರೆ ಅದರಲ್ಲಿ ಹುಲ್ಲಿನ ಕಣಗಳು ಪದರುಪದರಾಗಿ ತುಂಬಿರಲು ಕಾರಣವಿಲ್ಲ. ಕಬ್ಬಿಣದ ಕಿಟ್ಟವಾಗಿದ್ದರೆ ಅದು ತೂಕವಾಗಿ, ಕಬ್ಬಿಣಾಂಶದಿಂದ ಕೂಡಿರಬೇಕಿತ್ತು; ಇದಾದರೋ ಗುಳ್ಳೆಗುಳ್ಳೆಯಾಗಿ ಹಗುರವಾಗಿರುವದು. ಕಟ್ಟಿಗೆಯ ಬೂದಿಯಾಗಿದ್ದರೆ ಹುಲ್ಲಿನ ಕಣಗಳು ಈ ಪ್ರಮಾಣದಲ್ಲಿ ಇರಲಾರವು. ಹುಲ್ಲನ್ನು ತಿಂದು, ಅದನ್ನು ಒಂದೇ ಸ್ಥಳದಲ್ಲಿ ರಾಶಿಯಾಗಿ ಬಿಡುವ ಪ್ರಾಣಿಯು ದನವೇ ಹೊರತು ಬೇರೆಯಲ್ಲ. ಗೊರಸಿನ ಗುರುತೂ ಅದನ್ನೇ ಹೇಳುವದು. ಹೀಗೆ ಒಂದೊಂದೇ ಪಕ್ಷವು ಬಿದ್ದುಹೋಗಿ, ಕೊನೆಗೆ ಉಳಿದ ಪಕ್ಷವೇ ಸಿದ್ಧಾಂತವಾಯಿತು. ನೂರು ವರ್ಷಗಳ ವಾದವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣವೊಂದು ತೀರಿಸಿತು.

ಮುಂದೆ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಶೋರಾಪುರ ಸೀಮೆಯ ಬೂದಿಹಾಳದಲ್ಲಿ ವಿಸ್ತಾರವಾದ ಉತ್ಖನನವನ್ನು ನಡೆಸಿದರು. ಬೂದಿದಿಬ್ಬದ ಮಗ್ಗುಲಲ್ಲಿಯೇ ಜನವಸತಿಯ ಮನೆಗಳಿದ್ದವೆಂದೂ, ದಿಬ್ಬವು ಕಾಡಿನ ನಡುವಿನ ಒಂಟಿ ದೊಡ್ಡಿಯಾಗಿರದೆ ಊರಿನ ಅಂಗವೇ ಆಗಿತ್ತೆಂದೂ ಅದರಿಂದ ತಿಳಿದುಬಂದಿತು. ಈ ಸಂಸ್ಕೃತಿಯು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಷ್ಟು ಹಳೆಯದೆಂಬದು ಇಂಗಾಲದ ಕಾಲಗಣನೆಯಿಂದ ಗೊತ್ತಾಗಿದೆ. ಅಂದರೆ ನಮ್ಮ ನಾಡಿನಲ್ಲಿ ಕಬ್ಬಿಣವಿನ್ನೂ ಕಾಣದ ಕಾಲದಲ್ಲಿ ಜನರು ದನಗಳನ್ನು ಕಟ್ಟಿ, ಹುರುಳಿ ಹೆಸರುಗಳನ್ನೂ ಸಣ್ಣ ಕಾಳುಗಳನ್ನೂ ಬೆಳೆದು, ಗುಡ್ಡಗಳ ಮಗ್ಗುಲಲ್ಲಿ ಊರು ಮಾಡಿಕೊಂಡಿದ್ದರು. ಆದರೆ ಸಗಣಿಯನ್ನು ಏಕೆ ಸುಟ್ಟರು ಎಂಬ ವಿಷಯದಲ್ಲಿ ಪಂಡಿತರಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ. ರೋಗ ನಿವಾರಣೆಗೆಂದು ಒಬ್ಬರು, ಋತುಕಾಲದ ಹಬ್ಬಕ್ಕೆಂದು ಒಬ್ಬರು ಹೇಳುತ್ತಾರೆ. ಪದರುಗಳನ್ನು ಸೂಕ್ಷ್ಮವಾಗಿ ನೋಡಿದರೆ ಒಂದೇ ಸಾರಿ ಸುಟ್ಟದ್ದೋ, ಮೇಲಿಂದ ಮೇಲೆ ಸುಟ್ಟದ್ದೋ, ಸುಟ್ಟ ಮೇಲೆ ದನಗಳು ಪುನಃ ತುಳಿದವೋ, ನಡುವೆ ಮಳೆಗಾಲವು ಹಾದುಹೋಯಿತೋ ಎಂಬದು ತಿಳಿಯುವದು.

ಶಿವಭಕ್ತರಾದ ನಮ್ಮ ಮನಸ್ಸಿನಲ್ಲಿ ಇಲ್ಲಿ ಒಂದು ವಿಚಾರವು ಏಳದೆ ಇರಲಾರದು. ಗೋವಿನ ಸಗಣಿಯನ್ನು ಉಂಡೆ ಕಟ್ಟಿ ಒಣಗಿಸಿ ಸುಟ್ಟು, ಬೂದಿಯನ್ನು ಸೋಸಿ, ನೀರಿನಲ್ಲಿ ಕಲಸಿ ಗಟ್ಟಿ ಮಾಡಿದರೆ ಅದೇ ನಾವು ಹಣೆಯ ಮೇಲೆ ಧರಿಸುವ ವಿಭೂತಿಯು, ಅಷ್ಟಾವರಣಗಳಲ್ಲಿ ಒಂದು. ಕುಡತಿನಿಯ ದಿಬ್ಬವೂ ಸಗಣಿಯ ಬೂದಿಯೇ. ಆದುದರಿಂದ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಕನ್ನಡ ನೆಲದಲ್ಲಿ ಭಸ್ಮಧಾರಣೆಯಿತ್ತು, ಶಿವಪೂಜೆಯಿತ್ತು ಎಂದು ಬರೆಯಲು ಲೇಖನಿಯು ಆತುರಪಡುವದು. ಹಾಗೆ ಬರೆದರೆ ನಮಗೆ ಹಿತವೆನಿಸುವದು, ಓದಿದವರೂ ತಲೆದೂಗುವರು. ಆದರೆ ಅದು ಸತ್ಯವಾಗದು. ಸೂಕ್ಷ್ಮದರ್ಶಕವು ಸಗಣಿಯು ಸುಟ್ಟಿತೆಂಬದನ್ನು ಹೇಳುವದು. ಸುಟ್ಟವನ ಮನಸ್ಸಿನಲ್ಲಿ ಏನಿತ್ತೆಂಬದನ್ನು ಹೇಳದು. ಹಣೆಗೆ ಹಚ್ಚಿದ ಬೂದಿಯ ಗುರುತು ಯಾವ ದಿಬ್ಬದಲ್ಲಿಯೂ ಸಿಕ್ಕಿಲ್ಲ. ವಿಭೂತಿಯ ಮಹಿಮೆಗೆ ನಾಲ್ಕು ಸಾವಿರ ವರ್ಷದ ಸಾಕ್ಷಿಯ ಊರುಗೋಲು ಬೇಕಾಗಿಲ್ಲ. ಸತ್ಯವನ್ನು ನುಡಿಯುವದನ್ನೇ ದೇವಲೋಕವೆಂದು ಕಲಿಸಿದ ಶರಣರ ಮಕ್ಕಳಾದ ನಾವು ಇತಿಹಾಸದಲ್ಲಿ ಅಸತ್ಯವನ್ನು ಬೆರೆಸುವದು ಅವರಿಗೆ ಮಾಡುವ ಸೇವೆಯಾಗದು. ನಿಶ್ಚಯವಾಗಿ ಹೇಳಬಹುದಾದದ್ದು ಇಷ್ಟು: ಗೋವು, ಗೋಮಯ, ಅಗ್ನಿ, ಬೂದಿ ಇವುಗಳ ಸಂಗಡ ಈ ನೆಲದ ಜನರ ಬಾಳುವೆಯು ಬಹಳ ಪುರಾತನ ಕಾಲದಿಂದ ಹೆಣೆದುಕೊಂಡಿದೆ. ಇಷ್ಟೇ ಸಾಕು, ಇದೂ ಸಣ್ಣ ಮಾತಲ್ಲ.

ಇನ್ನು ಮಡಕೆಯ ವಿಷಯ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯು ಅಶೋಕನ ಶಾಸನದಿಂದ ಪ್ರಸಿದ್ಧವಾದ ಸ್ಥಳ. ಬಿ. ಎಲ್. ರೈಸ್ ಸಾಹೇಬರು 1892ರಲ್ಲಿ ಆ ಶಾಸನವನ್ನು ಬೆಳಕಿಗೆ ತಂದರು. ಅದರಲ್ಲಿ ಇಸಿಲವೆಂಬ ಪಟ್ಟಣದ ಹೆಸರಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿ, ಕೆಳಗೆ ಕಲ್ಲುಕೊಡಲಿಯ ಜನರ, ನಡುವೆ ಬೃಹತ್ ಶಿಲಾಸಮಾಧಿಗಳ ಜನರ, ಮೇಲೆ ಆಂಧ್ರರ ಕಾಲದ ಸಂಸ್ಕೃತಿಗಳು ಕ್ರಮವಾಗಿ ಬಂದಿರುವದನ್ನು ತೋರಿಸಿದನು. ಈ ಕ್ರಮಕ್ಕೆ ವರ್ಷಗಳನ್ನು ಹೊಂದಿಸಲು ಆತನಿಗೆ ದೊರೆತ ಕೀಲಿಕೈಯೆಂದರೆ ಒಂದು ಜಾತಿಯ ಬೋಕಿ. ಒಳಗಡೆ ಚಕ್ರಾಕಾರದಲ್ಲಿ ಸಣ್ಣ ಚುಕ್ಕೆಗೆರೆಗಳನ್ನು ಒತ್ತಿದ ನಯವಾದ ತಾಟುಗಳ ಚೂರುಗಳು ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಸಿಕ್ಕವು. ಅವೇ ಜಾತಿಯವು ಪುದುಚ್ಚೇರಿಯ ಹತ್ತಿರದ ಅರಿಕಮೇಡಿನಲ್ಲಿ ರೋಮನ್ನರ ಸರಕುಗಳೊಡನೆ 1945ರಲ್ಲಿಯೇ ಸಿಕ್ಕಿದ್ದವು. ರೋಮನ್ ಸರಕಿನ ಕಾಲವು ಗೊತ್ತಿದ್ದುದರಿಂದ ಅದರ ಜೊತೆಯ ತಾಟಿನ ಕಾಲವೂ, ಅದರಿಂದ ಬ್ರಹ್ಮಗಿರಿಯ ಪದರಿನ ಕಾಲವೂ ಗೊತ್ತಾದಂತಾಯಿತು.

ಈ ಚುಕ್ಕೆಗೆರೆಯ ಕೌಶಲ್ಯವು ಪಶ್ಚಿಮದೇಶದಿಂದ ಬಂದುದೆಂದೂ, ತಾಟುಗಳಲ್ಲಿ ಕೆಲವಾದರೂ ಅಲ್ಲಿಂದಲೇ ಹಡಗಿನಲ್ಲಿ ಬಂದವೆಂದೂ ಆಗ ತಿಳಿಯಲಾಗಿತ್ತು. ಮುಂದೆ ಆ ಬೋಕಿಗಳ ಮಣ್ಣನ್ನೇ ಪರೀಕ್ಷಿಸಿದಾಗ ಸಂಗತಿಯು ಬೇರೆಯಾಯಿತು. ಖನಿಜಗಳನ್ನೂ ಮೂಲದ್ರವ್ಯಗಳನ್ನೂ ಅಳೆದ ಪಂಡಿತರು ಆ ಜೇಡಿಯು ಭರತಖಂಡದ್ದೇ ಎಂದು ನಿರ್ಣಯಿಸಿದರು. ಡೆಕ್ಕನ್ ಕಾಲೇಜಿನ ವಿಶ್ವಾಸ ಗೋಗಟೆಯವರು 1997ರಲ್ಲಿ ಅದನ್ನು ಬಂಗಾಳದ ಗಂಗಾತೀರದ ಮಣ್ಣಿಗೆ ಹೋಲಿಸಿದರು. 2005ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯೂ ಈ ತಾಟುಗಳು ಭಾರತದೊಳಗೇ ತಯಾರಾದವೆಂಬದನ್ನು ಸಮರ್ಥಿಸಿತು. ಹೀಗೆ ರೋಮನ್ನರದೆಂದು ತಿಳಿದ ಕೀರ್ತಿಯು ಹೆಸರಿಲ್ಲದ ನಮ್ಮ ಕುಂಬಾರನಿಗೆ ಹಿಂದಿರುಗಿತು. ಇದಕ್ಕೆ ಪ್ರತಿಯಾದ ಉದಾಹರಣೆಯೂ ಇದೆ. ಇಟಲಿಯ ದ್ರಾಕ್ಷಾರಸದ ಹರವಿಗಳಲ್ಲಿ ಕೆಲವನ್ನು ವೆಸುವಿಯಸ್ ಜ್ವಾಲಾಮುಖಿಯ ಸೀಮೆಯ ಕಪ್ಪು ಮರಳಿನಿಂದಲೇ ಗುರುತಿಸಬಹುದು. ಆ ಖನಿಜವನ್ನು ಯಾರೂ ಸುಳ್ಳಾಗಿ ಬರೆಯಲಾರರು. ಅದೇ ಜಾಗರೂಕತೆಯಿಂದ ನಮ್ಮ ಕರಾವಳಿಗಳಲ್ಲಿ ಸಿಕ್ಕ ಹರವಿಗಳ ಬೋಕಿಗಳನ್ನು ರೋಬರ್ಟಾ ಟಾಂಬರ್ ಎಂಬ ವಿದುಷಿಯು ಪುನಃ ನೋಡಿ, ರೋಮಿನವೆಂದು ಹೆಸರು ಪಡೆದ ಅನೇಕ ಹರವಿಗಳು ನಿಜವಾಗಿ ಮೆಸೊಪೊಟೇಮಿಯದವೆಂದು 2007ರಲ್ಲಿ ತೋರಿಸಿದಳು. ಮಣ್ಣು ಯಾರ ಪಕ್ಷವನ್ನೂ ವಹಿಸುವದಿಲ್ಲ. ನಮಗೆ ಬೇಕಾದುದನ್ನೂ ಹೇಳುವದು, ಬೇಡವಾದುದನ್ನೂ ಹೇಳುವದು.

ನಮ್ಮ ಹಳೆಯ ಧಾರವಾಡ ಜಿಲ್ಲೆಯಲ್ಲಿಯೂ ಇಂಥ ಕಾರ್ಯದ ಮಾದರಿಯಿದೆ. ತುಂಗಭದ್ರೆಯ ದಂಡೆಯ ಹಳ್ಳೂರು ಈಗ ಹಾವೇರಿ ಜಿಲ್ಲೆಗೆ ಸೇರಿದ್ದರೂ 1997ರ ವರೆಗೆ ನಮ್ಮ ಜಿಲ್ಲೆಯದೇ ಆಗಿತ್ತು. ಎಂ. ಎಸ್. ನಾಗರಾಜರಾಯರು 1965ರಲ್ಲಿ ಅಲ್ಲಿ ಅಗೆದು, ನವಶಿಲಾಯುಗದ ಬೂದುಬಣ್ಣದ ಮಡಕೆಗಳ ಮೇಲೆ ಒಳಗೆ ಕಪ್ಪು ಹೊರಗೆ ಕೆಂಪಾದ ಮಡಕೆಗಳೂ ಅವುಗಳೊಡನೆ ಕಬ್ಬಿಣವೂ ಬರುವ ಸಂಧಿಕಾಲವನ್ನು ತೋರಿಸಿದರು. ಅಲ್ಲಿಯ ಎಲುಬುಗಳನ್ನು ಪರೀಕ್ಷಿಸಿ ಕುದುರೆಯ ಎಲುಬನ್ನು ಗುರುತಿಸಿದವರು ಪಶುವೈದ್ಯರಾದ ಕೆ. ಆರ್. ಆಲೂರರು. ದನಗಳಿಗೆ ಔಷಧ ಕೊಡುವ ವಿದ್ಯೆಯು ಇತಿಹಾಸಕ್ಕೆ ಬೆಳಕನ್ನು ಕೊಟ್ಟಿತು. ಕಪ್ಪು-ಕೆಂಪು ಮಡಕೆಯ ರಹಸ್ಯವೂ ಹಾಗೆಯೇ ನಮ್ಮ ಕುಂಬಾರರಿಗೆ ತಿಳಿಯದ್ದಲ್ಲ. ಮಡಕೆಯನ್ನು ಆವಿಗೆಯಲ್ಲಿ ಬೋರಲು ಹಾಕಿ ಒಳಗೆ ಹೊಟ್ಟು ಎಲೆಗಳನ್ನು ಇಟ್ಟರೆ, ಗಾಳಿ ತಾಕದ ಒಳಭಾಗವು ಹೊಗೆಯನ್ನು ಹೀರಿ ಕಪ್ಪಾಗುವದು. ಗಾಳಿ ತಾಕಿದ ಹೊರಭಾಗದ ಕಬ್ಬಿಣಾಂಶವು ಕೆಂಪಾಗುವದು. ಬೋಕಿಯ ತೆಳುಪದರಿನಲ್ಲಿ ಈ ಕಪ್ಪು ಎಲ್ಲಿಯ ವರೆಗೆ ಇಳಿದಿದೆಯೆಂಬದನ್ನು ಅಳೆದು ಆವಿಗೆಯ ಕೆಲಸವನ್ನು ಮನಗಾಣಬಹುದು.

ಮೊರಬದಂಥ ಎರೆಸೀಮೆಯಲ್ಲಿ ಮಾತ್ರ ಒಂದು ಎಚ್ಚರಿಕೆಯು ಬೇಕು. ಬೇಸಿಗೆಯಲ್ಲಿ ಎರೆಯು ಬಿರುಕು ಬಿಡುವದನ್ನು ಕಾಣದವರಿಲ್ಲ. ಬಿರುಕುಗಳು ಆಳುದ್ದದ ಹತ್ತಿರಕ್ಕೂ ಇಳಿಯುವದುಂಟು. ಮೇಲಿನ ಬೋಕಿಯೋ ಗಾಜಿನ ಬಳೆಯ ಚೂರೋ ಆ ಬಿರುಕಿನಲ್ಲಿ ಬಿದ್ದು, ಮಳೆಗಾಲದಲ್ಲಿ ಮಣ್ಣು ಉಬ್ಬಿ ಮುಚ್ಚಿಕೊಂಡರೆ, ನಿನ್ನೆಯ ವಸ್ತುವು ಸಾವಿರ ವರ್ಷದ ಪದರಿನಲ್ಲಿ ಸಿಕ್ಕಂತಾಗುವದು. ಬಾವಿಯನ್ನು ತೋಡುವಾಗ ಆಳದಲ್ಲಿ ಸಿಕ್ಕಿತೆಂಬ ಮಾತ್ರಕ್ಕೆ ಅದು ಪುರಾತನವಾಗದು. ಎರೆಮಣ್ಣು ಉಬ್ಬಿ ಕುಗ್ಗಿ ಒಂದಕ್ಕೊಂದು ತಿಕ್ಕಾಡಿದ ಗುರುತುಗಳು ತೆಳುಪದರಿನಲ್ಲಿ ಕಾಣುವವು. ಅವುಗಳನ್ನು ನೋಡಿ ಪದರು ಕದಡಿದೆಯೋ ಇಲ್ಲವೋ ಎಂದು ನಿರ್ಣಯಿಸಬಹುದು. ಇದೇ ಗುಣದಿಂದಾಗಿ ಬರಿಯ ಎರೆಯಿಂದ ಮಡಕೆಯಾಗದು, ಒಣಗುವಾಗಲೇ ಸೀಳುವದು. ಆದುದರಿಂದ ಕುಂಬಾರನು ಮರಳು, ಬೂದಿ, ಲದ್ದಿ, ಹೊಟ್ಟು ಇವುಗಳಲ್ಲಿ ಒಂದನ್ನು ಕೂಡಿಸಿ ಮಣ್ಣಿನ ಸಿಟ್ಟನ್ನು ತಗ್ಗಿಸುವನು. ಅವನು ಏನನ್ನು ಕೂಡಿಸಿದನೋ ಅದೇ ಅವನ ಮನೆತನದ ಗುರುತಾಗಿ ಬೋಕಿಯೊಳಗೆ ಉಳಿಯುವದು.

ಕಲ್ಯಾಣದ ಶರಣರ ಕಾಲದಲ್ಲಿ ಕುಂಬಾರ ಗುಂಡಯ್ಯನೆಂಬ ಶರಣನಿದ್ದನು. ಆತನ ಗಡಿಗೆಯ ನಾದಕ್ಕೆ ಶಿವನೇ ಕುಣಿದನೆಂಬ ಕಥೆಯನ್ನು ಹರಿಹರನು ರಗಳೆಯಾಗಿ ಬರೆದು ಪ್ರಸಿದ್ಧಗೊಳಿಸಿದನು. ಆತನ ಧರ್ಮಪತ್ನಿ ಕೇತಲದೇವಿಯೂ ವಚನಕರ್ತ್ರಿಯು. ಮಣ್ಣನ್ನು ತುಳಿಯುವ ಕಾಲು, ತಿಗರಿಯನ್ನು ತಿರುಗಿಸುವ ಕೈ ಇವು ಯಾವ ಕುಲೀನನ ಕೈಕಾಲುಗಳಿಗಿಂತಲೂ ಕಡಿಮೆಯವಲ್ಲವೆಂಬದನ್ನು ಶರಣರು ಎಂಟುನೂರು ವರ್ಷಗಳಿಗೂ ಹಿಂದೆಯೇ ಸಾರಿದರು. ಇತಿಹಾಸಕಾರರಾದರೋ ಬಹುಕಾಲದ ವರೆಗೆ ಅರಸರ ವಂಶಾವಳಿಯನ್ನೇ ಇತಿಹಾಸವೆಂದು ಭಾವಿಸಿದ್ದರು. ಇಂದು ಒಂದು ಬೋಕಿಯನ್ನು ತೆಳ್ಳಗೆ ತಿಕ್ಕಿ ಗಾಜಿನ ಮೇಲಿಟ್ಟು, ಅದನ್ನು ಮಾಡಿದವನು ಮಣ್ಣನ್ನು ಹೇಗೆ ಆರಿಸಿದನು, ಎಷ್ಟು ಹದಮಾಡಿದನು, ಎಷ್ಟು ಉರಿಯಲ್ಲಿ ಸುಟ್ಟನು ಎಂದು ವಿದ್ವಾಂಸನು ಕಣ್ಣಿಟ್ಟು ನೋಡುತ್ತಿರುವಾಗ, ಅವನು ತಿಳಿದೋ ತಿಳಿಯದೆಯೋ ಕಾಯಕಕ್ಕೆ ಗೌರವವನ್ನು ಸಲ್ಲಿಸುತ್ತಿರುವನು. ಕಾಯಕವು ಸುಳ್ಳು ಹೇಳದು. ಅದು ಮಣ್ಣಿನಲ್ಲಿ ಅಚ್ಚೊತ್ತಿ ನಿಂತಿರುವದು.

ಆದರೆ ಈ ಪುಟಗಳು ಪ್ರತಿ ವರ್ಷ ಕಡಿಮೆಯಾಗುತ್ತಿರುವವು. ಬೂದಿದಿಬ್ಬಗಳ ಬೂದಿಯನ್ನು ಗೊಬ್ಬರಕ್ಕೆಂದೂ ದಾರಿಯ ಕೆಲಸಕ್ಕೆಂದೂ ಒಯ್ದು ಅನೇಕ ದಿಬ್ಬಗಳು ಹೇಳಹೆಸರಿಲ್ಲದೆ ಹೋಗಿವೆ. ಊರ ಹಾಳುದಿಬ್ಬಗಳ ಗತಿಯೂ ಅದೇ. ಒಮ್ಮೆ ಕದಡಿದ ಪದರನ್ನು ಯಾವ ಯಂತ್ರವೂ ಪುನಃ ಹೊಂದಿಸಲಾರದು. ಹೊಲದ ಒಡೆಯನನ್ನು ಇದಕ್ಕಾಗಿ ನಿಂದಿಸುವದು ನ್ಯಾಯವಲ್ಲ. ಅವನಿಗೆ ಬೆಳೆಯು ಬೇಕು, ಮತ್ತು ಆ ಮಣ್ಣಿನ ಬೆಲೆಯನ್ನು ಅವನಿಗೆ ಯಾರೂ ಹೇಳಿಲ್ಲ. ಹೇಳುವ ಕಾರ್ಯವು ಮಠಗಳದು. ನಮ್ಮ ಸೀಮೆಯಲ್ಲಿ ಮಠದ ಮಾತನ್ನು ಒಕ್ಕಲಿಗನೂ ಕೇಳುವನು, ಕುಂಬಾರನೂ ಕೇಳುವನು.

ಡಾಕ್ಟರ ಫ. ಗು. ಹಳಕಟ್ಟಿಯವರ ಕಾರ್ಯವನ್ನು ಇಲ್ಲಿ ಸ್ಮರಿಸಬೇಕು. ವಚನಗಳ ಓಲೆಯ ಕಟ್ಟುಗಳು ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತ, ಇಲ್ಲವೆ ಅಟ್ಟದ ಮೇಲೆ ಹುಳ ತಿನ್ನುತ್ತ ಬಿದ್ದಿದ್ದ ಕಾಲದಲ್ಲಿ ಅವರು ಊರೂರು ಅಲೆದು ಅವನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಆ ಓಲೆಗಳು ಅಂದು ಹಾಳಾಗಿದ್ದರೆ ಶರಣರ ನುಡಿಗಳಲ್ಲಿ ಎಷ್ಟೋ ನಮಗೆ ದೊರೆಯುತ್ತಿದ್ದಿಲ್ಲ. ಮಣ್ಣಿನ ಪದರುಗಳೂ ಓಲೆಗಳೇ; ಅವುಗಳ ಲಿಪಿಯನ್ನು ಓದಬಲ್ಲವರು ಈಗಷ್ಟೇ ಹುಟ್ಟುತ್ತಿದ್ದಾರೆ. ಓದುವವನು ಬರುವದಕ್ಕಿಂತ ಮೊದಲೇ ಪುಸ್ತಕವು ಗೊಬ್ಬರದ ಬಂಡಿಯಲ್ಲಿ ಹೋಗಬಾರದು.

ಆದುದರಿಂದ ಶ್ರೀಮಠದ ಭಕ್ತರಲ್ಲಿ ಮೂರು ವಿಜ್ಞಾಪನೆಗಳನ್ನು ಮಾಡಿಕೊಳ್ಳುತ್ತೇನೆ. ಮೊದಲನೆಯದು, ಹಳೆಯ ಮನೆ, ಮಠ, ಗುಡಿಗಳನ್ನು ಜೀರ್ಣೋದ್ಧಾರ ಮಾಡುವಾಗ ಕಿತ್ತುಹಾಕುವ ಗೋಡೆಯ ಗಿಲಾವು, ನೆಲದ ಸಾರಣೆ, ಮಾಳಿಗೆಯ ಮಣ್ಣು ಇವುಗಳಲ್ಲಿ ಒಂದೊಂದು ಹೆಂಟೆಯನ್ನು ಒಡೆಯದೆ ತೆಗೆದು, ಯಾವ ಸ್ಥಳದ್ದು, ಯಾವ ದಿನ ತೆಗೆದದ್ದು ಎಂಬ ಚೀಟಿಯೊಡನೆ ಇಡಬೇಕು. ಎರಡನೆಯದು, ಹೊಲದಲ್ಲಿ ಬೋಕಿಗಳು ರಾಶಿಯಾಗಿ ಸಿಕ್ಕರೆ ಅಗೆಯುವದನ್ನು ನಿಲ್ಲಿಸಿ, ಧಾರವಾಡದಲ್ಲಿ 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಗೋ ಸರಕಾರದ ಪುರಾತತ್ವ ಇಲಾಖೆಗೋ ತಿಳಿಸಬೇಕು. ಬೋಕಿಯನ್ನು ಮಾತ್ರ ಆರಿಸಿ ತಂದುಕೊಟ್ಟರೆ ಅರ್ಧ ಇತಿಹಾಸವು ಕಳೆದುಹೋಗುವದು. ಅದು ಇದ್ದ ಮಣ್ಣು ಅದಕ್ಕಿಂತ ಮುಖ್ಯವಾದದ್ದು. ಮೂರನೆಯದು, ತಿಗರಿಯನ್ನು ಇನ್ನೂ ಬಿಡದ ಕುಂಬಾರ ಹಿರಿಯರು ಎಲ್ಲೆಲ್ಲಿ ಇರುವರೋ ಅವರ ಬಳಿಗೆ ಹೋಗಿ, ಮಣ್ಣು ಎಲ್ಲಿಯದು, ಅದರಲ್ಲಿ ಏನನ್ನು ಕೂಡಿಸುವರು, ಆವಿಗೆಯನ್ನು ಹೇಗೆ ಒಟ್ಟುವರು ಎಂಬದನ್ನು ಬರೆದುಕೊಳ್ಳಬೇಕು. ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕೆ ಅರ್ಥ ಹೇಳಬಲ್ಲವರು ಅವರೇ.

ಹಣೆಯ ಮೇಲಿನ ಬೂದಿಯು ಎಲ್ಲವೂ ಕೊನೆ​ಗೆ ಏನಾಗುವದೆಂಬದನ್ನು ನಮಗೆ ನೆನಪಿಸುವದು. ಹೊಲದೊಳಗಿನ ಬೂದಿಯಾದರೋ, ಹಾಗಾದ ಮೇಲೂ ಸತ್ಯವು ಅಳಿಯುವದಿಲ್ಲವೆಂಬದನ್ನು ನೆನಪಿಸುವದು. ಈ ಎರಡು ಪಾಠಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನೆಲವನ್ನು ಗೌರವದಿಂದ ಅಗೆಯುವ ಬುದ್ಧಿಯನ್ನು ಪರಮಾತ್ಮನು ಎಲ್ಲರಿಗೂ ಕರುಣಿಸಲೆಂದು ಬೇಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ. ಶರಣು ಶರಣಾರ್ಥಿ.